ಗ್ಯಾಸ್ ಬ್ಯಾಂಕ್ ಇರುವ ಫ್ಲ್ಯಾಟು ಕೊಳ್ಳಬಹುದೇ?

ಪ್ರಶ್ನೆ: ಹಲಸೂರಿನಲ್ಲಿ ಬಹಳ ವರ್ಷದಿಂದ ಬಾಡಿಗೆಗಿದ್ದೇವೆ. ನಾವಿಬ್ಬರು, ಇಬ್ಬರು ಮಕ್ಕಳು, ಅತ್ತೆ. ಕೆ.ಆರ್.ಪುರದಲ್ಲಿ ಮೆಟ್ರೊಗೆ ನಡೆದು ಹೋಗುವಷ್ಟು ಹತ್ತಿರ ಎರಡು ಬೆಡ್‌ರೂಮಿನ ಹಳೆಯ ಫ್ಲ್ಯಾಟೊಂದನ್ನು ನೋಡಿದ್ದೇವೆ. ಏಳನೇ ಮಹಡಿ, 85 ಲಕ್ಷ. ಎಲ್ಲ ಹಿಡಿಸಿದೆ. ಆದರೆ ಅಲ್ಲಿ ಸಿಲಿಂಡರ್ ತರುವಂತಿಲ್ಲ. ಎಲ್ಲ ಫ್ಲ್ಯಾಟಿಗೂ ಸೇರಿ ಒಂದೇ ಕಡೆ ಸಿಲಿಂಡರುಗಳನ್ನಿಟ್ಟ ಗ್ಯಾಸ್ ಬ್ಯಾಂಕಿನಿಂದ ಪೈಪಿನಲ್ಲಿ ಬರುತ್ತದೆ, ಕೆ.ಜಿ.ಗೆ 95 ರೂಪಾಯಿ. ಸ್ನಾನದ ನೀರಿಗೂ ಅದೇ ಗ್ಯಾಸು, ಗೀಸರ್ ಬಚ್ಚಲಲ್ಲೇ ಇದೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರಿನಲ್ಲಿರುವ ನಮ್ಮಣ್ಣ "ಪ್ರೊಪೇನ್ ಮನೆ ತಗೊಂಡು ನಾನು ಅನುಭವಿಸ್ತಾ ಇದೀನಿ, ನೀನು ತಗೋಬೇಡ" ಅಂತಾನೆ. ನಮ್ಮ ಯಜಮಾನರು "ಗ್ಯಾಸಿಗೋಸ್ಕರ ಯಾರಾದ್ರೂ ಮನೆ ಬಿಡ್ತಾರಾ" ಅಂತಾರೆ. ಅತ್ತೆಗೆ ಬೆಳಿಗ್ಗೆ ಐದೂವರೆಗೆ ಬಿಸಿನೀರು ಸಿಗುತ್ತೋ ಇಲ್ಲವೋ ಅನ್ನುವುದೇ ಚಿಂತೆ. ಯಾರ ಮಾತು ಕೇಳಲಿ?
– ಹೆಸರು ಬೇಡ, ಹಲಸೂರು

ಉತ್ತರ: ಯಜಮಾನರ ಮಾತು ಮುಕ್ಕಾಲು ಪಾಲು ಸರಿ, ಅಣ್ಣನದು ಕಾಲು ಪಾಲು. ಆದರೆ ನಿಮ್ಮ ಪತ್ರ ಓದಿದಾಗ ನನ್ನ ಕಣ್ಣು ನಿಂತದ್ದು 95 ರೂಪಾಯಿಯ ಮೇಲಲ್ಲ, "ಗೀಸರ್ ಬಚ್ಚಲಲ್ಲೇ ಇದೆ" ಅನ್ನುವ ಮಾತಿನ ಮೇಲೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಅಣ್ಣನ ವಿಷಯ. ಅವರ ಊರಿನಲ್ಲಿ ಚಳಿಗಾಲವೆಂದರೆ ತಿಂಗಳುಗಟ್ಟಲೆ ಹಿಮ. ಪ್ರೊಪೇನ್ ಅಲ್ಲಿ ಇಡೀ ಮನೆಯನ್ನು ಹಗಲೂ ರಾತ್ರಿ ಬೆಚ್ಚಗಿಡಬೇಕು. ನಮ್ಮ ಸಿಲಿಂಡರಿನಲ್ಲಿರುವುದೂ ಪ್ರೊಪೇನ್ ಮತ್ತು ಬ್ಯೂಟೇನಿನ ಬೆರಕೆಯೇ, ಆದರೆ ನಮಗೆ ಅದು ಬೇಕಾಗಿರುವುದು ಅನ್ನ ಬೇಯಿಸಲು, ಸ್ನಾನಕ್ಕೆ ನೀರು ಕಾಯಿಸಲು. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಕಂಟೋನ್ಮೆಂಟಿನ ಹಳೆಯ ಬಂಗಲೆಗಳಲ್ಲಿ ಬೆಂಕಿಗೂಡು, ಚಿಮಣಿ ಕಂಡರೆ ಅದು ಸಾಹೇಬರ ಹುಟ್ಟೂರಿನ ಅಭ್ಯಾಸ ಅಂದುಕೊಳ್ಳಿ. ಹಾಗಾಗಿ ಅಣ್ಣನ ಬಿಲ್ಲನ್ನು ಡಾಲರಿನಿಂದ ರೂಪಾಯಿಗೆ ಬದಲಾಯಿಸಿ ಹೆದರಬೇಡಿ. ಆದರೆ ಅವರ ಅನುಭವದಲ್ಲಿ ನಮಗೂ ತಗಲುವ ಅಂಶವೊಂದಿದೆ. ಅಲ್ಲಿ ಹಿತ್ತಲಲ್ಲಿರುವ ಟ್ಯಾಂಕು ಎಷ್ಟೋ ಸಲ ಮನೆಯವರದಲ್ಲ, ಗ್ಯಾಸ್ ಕಂಪನಿಯದು. ಕಂಪನಿಯ ಟ್ಯಾಂಕಿಗೆ ಆ ಕಂಪನಿಯೇ ಗ್ಯಾಸ್ ತುಂಬಬೇಕು, ಅದು ಹೇಳಿದ್ದೇ ರೇಟು. ನಿಮ್ಮ ಗ್ಯಾಸ್ ಬ್ಯಾಂಕು ಯಾರದು?

ಲೆಕ್ಕಕ್ಕೆ ಬರೋಣ. 2025ರ ಏಪ್ರಿಲ್‌ನಲ್ಲಿ 50 ರೂಪಾಯಿ ಏರಿದ ಮೇಲೆ ಬೆಂಗಳೂರಿನಲ್ಲಿ 14.2 ಕೆ.ಜಿ.ಯ ಮನೆ ಸಿಲಿಂಡರ್ 855 ರೂಪಾಯಿ 50 ಪೈಸೆ ಆಯಿತು, ಅಂದರೆ ಕೆ.ಜಿ.ಗೆ 60 ರೂಪಾಯಿ. ನೀವು ಈ ತಿಂಗಳ ದರ ಹಾಕಿಕೊಳ್ಳಿ, ಲೆಕ್ಕದ ರೀತಿ ಅದೇ. ಅದೇ ಗ್ಯಾಸಿಗೆ ಪೈಪಿನಲ್ಲಿ 95 ಯಾಕೆ? ಮನೆ ಸಿಲಿಂಡರಿನ ದರವನ್ನು ಸರ್ಕಾರ ಹಿಡಿದು ನಿಲ್ಲಿಸಿರುತ್ತದೆ, ಜಿಎಸ್‌ಟಿ ಶೇ 5 ಮಾತ್ರ. ವಾಣಿಜ್ಯ ಸಿಲಿಂಡರಿಗೆ ಶೇ 18. ಅದರ ದರ ಪ್ರತಿ ತಿಂಗಳ ಒಂದನೇ ತಾರೀಕು ಬದಲಾಗುತ್ತದೆ, ಸೌದಿ ಅರಾಮ್ಕೊ ಪ್ರೊಪೇನ್, ಬ್ಯೂಟೇನಿಗೆ ಕಟ್ಟುವ ತಿಂಗಳ ದರವನ್ನು ಅನುಸರಿಸಿ. ಖಾಸಗಿಯವರು ನಡೆಸುವ ಗ್ಯಾಸ್ ಬ್ಯಾಂಕುಗಳ ದರ ಸಾಮಾನ್ಯವಾಗಿ ಈ ಎರಡನೇ ದಾರಿಯದು, ಮೇಲೆ ಅವರ ಪೈಪು, ಮೀಟರು, ಲಾಭ. ಬಿಲ್ಲಿನಲ್ಲಿ ಜಿಎಸ್‌ಟಿ ಎಷ್ಟಿದೆ ನೋಡಿದರೆ ನಿಮ್ಮದು ಯಾವ ದಾರಿ ಅಂತ ಗೊತ್ತಾಗುತ್ತದೆ.

ಐದು ಜನರ ಅಡುಗೆಗೆ ತಿಂಗಳಿಗೆ ಹತ್ತು ಕೆ.ಜಿ. ಅನ್ನೋಣ. ಸ್ನಾನಕ್ಕೆ ತಲೆಗೊಂದು ಬಕೆಟ್, ಇಪ್ಪತ್ತು ಲೀಟರ್, ತಣ್ಣೀರಿಗಿಂತ ಇಪ್ಪತ್ತು ಡಿಗ್ರಿ ಬಿಸಿ. ಒಂದು ಬಕೆಟ್ಟಿಗೆ ಗ್ಯಾಸ್ ಗೀಸರಿನಲ್ಲಿ ಸುಮಾರು 46 ಗ್ರಾಂ ಗ್ಯಾಸು, ಕರೆಂಟಿನಲ್ಲಾದರೆ ಸುಮಾರು ಅರ್ಧ ಯೂನಿಟ್. ತಿಂಗಳಿಗೆ 150 ಬಕೆಟ್ ಅಂದರೆ ಏಳು ಕೆ.ಜಿ. ಗ್ಯಾಸು ಅಥವಾ 75 ಯೂನಿಟ್. ಅಡುಗೆ, ಸ್ನಾನ ಸೇರಿ 17 ಕೆ.ಜಿ. ಪೈಪಿನ ದರದಲ್ಲಿ 1,615 ರೂಪಾಯಿ, ಸಿಲಿಂಡರಿನ ದರದಲ್ಲಿ 1,020. ವ್ಯತ್ಯಾಸ ಆರುನೂರು ರೂಪಾಯಿಯ ಒಳಗೆ.

ಈ ಆರುನೂರನ್ನು ಸಾಲದ ಕಣ್ಣಿನಿಂದ ನೋಡಿ. ಶೇ 8.5ರ ಬಡ್ಡಿಯಲ್ಲಿ 20 ವರ್ಷದ ಸಾಲಕ್ಕೆ ಒಂದು ಲಕ್ಷಕ್ಕೆ ತಿಂಗಳ ಕಂತು 868 ರೂಪಾಯಿ. ಅಂದರೆ ನಿಮ್ಮ ದುಬಾರಿ ಗ್ಯಾಸಿನ ಬೆಲೆ ಇವತ್ತಿಗೆ ಸುಮಾರು 70 ಸಾವಿರ. ಗ್ಯಾಸು ಇನ್ನೂ ಏರುತ್ತದೆ ಅಂತ ಲಕ್ಷವೇ ಅನ್ನಿ. 85 ಲಕ್ಷದ ಮನೆಯಲ್ಲಿ ಅದು ಚೌಕಾಸಿಯ ಮಾತು, ಮನೆ ಬಿಡುವ ಮಾತಲ್ಲ. ಮಾಲೀಕರ ಮುಂದೆ ಬಿಲ್ಲುಗಳನ್ನಿಟ್ಟು ಲಕ್ಷ ಇಳಿಸಿ ಅಂತ ಕೇಳಿ. ಮೆಟ್ರೊ ಬಂದ ಮೇಲೆ ಆ ಕಡೆಯವರು ಸುಲಭಕ್ಕೆ ಬಗ್ಗುವುದಿಲ್ಲ, ಆದರೂ ಕಾಗದ ಕೈಯಲ್ಲಿದ್ದರೆ ಮಾತಿಗೆ ತೂಕ.

ಹಾಗಾದರೆ ಗ್ಯಾಸ್ ಗೀಸರ್ ತೆಗೆದು ಕರೆಂಟಿನದು ಹಾಕಿಸಿದರೆ? ತೆರಿಗೆ ಎಲ್ಲ ಸೇರಿ ಯೂನಿಟ್ಟಿಗೆ ಆರೂವರೆ ಏಳು ರೂಪಾಯಿ ಅಂದರೆ 75 ಯೂನಿಟ್ಟಿಗೆ ಐನೂರು ಚಿಲ್ಲರೆ. ಪೈಪಿನ ಗ್ಯಾಸಿಗೆ 665 ಆಗುತ್ತಿತ್ತು, ಅಗ್ಗವೇ. ಆದರೆ ಇಲ್ಲಿ ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ನಡುವೆ ಬರುತ್ತದೆ. ನಿಮಗೆ ಸಿಗುವ ಉಚಿತ ಯೂನಿಟ್ಟು ಆ ಮನೆಯ ಆರ್‌ಆರ್ ನಂಬರಿನ ಹಳೆಯ ಸರಾಸರಿಯ ಮೇಲೆ ನಿಂತಿರುತ್ತದೆ, ಹಲಸೂರಿನ ನಿಮ್ಮ ಬಳಕೆಯ ಮೇಲಲ್ಲ. ಆ ಉಚಿತ ಮಿತಿ ದಾಟಿದರೆ ಹೆಚ್ಚುವರಿಗೆ ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ. ಈಗ 150 ಯೂನಿಟ್ ಬಳಸುವ ಮನೆಗೆ 75 ಸೇರಿದರೆ ಗೀಸರಿನ ಖರ್ಚು ಐನೂರಲ್ಲ, ಸಾವಿರದೈನೂರು ದಾಟುತ್ತದೆ. ಆದ್ದರಿಂದ ಮಾಲೀಕರಿಂದ ಗ್ಯಾಸಿನ ಜೊತೆ ಬೆಸ್ಕಾಂ ಬಿಲ್ಲುಗಳನ್ನೂ ಕೇಳಿ, ಮಂಜೂರಾದ ಲೋಡು ಎಷ್ಟು ಕಿಲೋವಾಟ್ ಅಂತಲೂ ನೋಡಿ.

"ಸೋಲಾರ್ ಇದೆಯಲ್ಲಾ" ಅಂತ ದಲ್ಲಾಳಿ ಹೇಳಬಹುದು. ಇದೆಯೋ, ಯಾವ ಬಚ್ಚಲಿಗಿದೆಯೋ, ಏಳನೇ ಮಹಡಿಗೆ ಬರುವಷ್ಟರಲ್ಲಿ ಎಷ್ಟು ಬಕೆಟ್ ತಣ್ಣೀರು ಹರಿದು ಹೋಗುತ್ತದೋ, ಬೆಳಿಗ್ಗೆ ಹೋಗಿ ನಲ್ಲಿ ತಿರುಗಿಸಿ ನೋಡಿ. ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಅವರು ಕೈಯೊಡ್ಡಿ ನೋಡಿದರೆ ನನ್ನ ಲೆಕ್ಕಕ್ಕಿಂತ ಚೆನ್ನಾಗಿ ಗೊತ್ತಾಗುತ್ತದೆ. ಹಾಗೆಯೇ ನೀರು ಬೋರಿನದೋ ಟ್ಯಾಂಕರಿನದೋ ಕಾವೇರಿಯದೋ ವಿಚಾರಿಸಿ. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಶುರುವಾಗಿದೆ, ಆದರೆ ಪ್ರತಿ ಅಪಾರ್ಟ್‌ಮೆಂಟಿನ ಸಂಪಿಗೂ ಬಂದಿದೆ ಅಂತೇನಲ್ಲ. ಗಡಸು ನೀರಿಗೆ ಗೀಸರಿನ ಒಳಗೆಲ್ಲ ಸುಣ್ಣದಂತೆ ಬಿಳಿ ಪೊರೆ ಕಟ್ಟುತ್ತದೆ, ಗ್ಯಾಸೂ ಕರೆಂಟೂ ಹೆಚ್ಚು ಎಳೆಯುತ್ತದೆ. ಟ್ಯಾಂಕರಿನ ಖರ್ಚು ಮೇಂಟೆನೆನ್ಸಿನಲ್ಲಿ ಸೇರಿಕೊಂಡರೆ ನಿಮ್ಮ ಆರುನೂರು ರೂಪಾಯಿಯ ಚಿಂತೆ ಅದರ ಮುಂದೆ ಏನೂ ಅಲ್ಲ.

ಈಗ ಬಚ್ಚಲಿನ ಗೀಸರು. ಈ ವಿಷಯದಲ್ಲಿ ಚೌಕಾಸಿ ಇಲ್ಲ. ಗ್ಯಾಸ್ ಉರಿಯುವುದಕ್ಕೆ ಗಾಳಿ ಬೇಕು. ಬಾಗಿಲು ಹಾಕಿದ ಪುಟ್ಟ ಬಚ್ಚಲಲ್ಲಿ ಒಬ್ಬರಾದ ಮೇಲೊಬ್ಬರು ಸ್ನಾನ ಮಾಡಿದಂತೆ ಗಾಳಿ ಸಾಲದಾಗಿ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಗ್ಯಾಸ್ ಸೋರಿದರೆ ಮೂಗಿಗೆ ಹೊಡೆಯಲಿ ಅಂತಲೇ ಅದಕ್ಕೆ ವಾಸನೆ ಬೆರೆಸಿರುತ್ತಾರೆ. ಆದರೆ ಕಾರ್ಬನ್ ಮಾನಾಕ್ಸೈಡ್ ಎಂಬ ಈ ವಿಷಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಕಣ್ಣೂ ಉರಿಯುವುದಿಲ್ಲ. ತಲೆ ಸುತ್ತಿ ಕುಸಿಯುವವರಿಗೆ ಚಿಲಕ ತೆಗೆಯುವಷ್ಟು ಶಕ್ತಿಯೂ ಉಳಿದಿರುವುದಿಲ್ಲ. ನಮ್ಮ ಊರಿನಲ್ಲೇ ಹೀಗೆ ಸತ್ತವರ ಸುದ್ದಿ ಪತ್ರಿಕೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಡಿಸೆಂಬರ್ ಚಳಿಗೆ ವೆಂಟಿಲೇಟರಿಗೆ ರಟ್ಟು ಸಿಕ್ಕಿಸಿ ಮುಚ್ಚುವ ಮನೆಗಳನ್ನು ನೀವೂ ನೋಡಿರುತ್ತೀರಿ. ಬೆಳಿಗ್ಗೆ ಐದೂವರೆಗೆ, ಎಲ್ಲರೂ ಮಲಗಿರುವಾಗ, ವಯಸ್ಸಾದ ಅತ್ತೆ ಒಬ್ಬರೇ ಒಳಗೆ. ಎಕ್ಸಾಸ್ಟ್ ಫ್ಯಾನ್ ಇದೆ ಅಂತ ಮಾಲೀಕರು ಹೇಳಿದರೆ ಒಪ್ಪಬೇಡಿ. ಗೀಸರನ್ನು ಗಾಳಿಯಾಡುವ ಯುಟಿಲಿಟಿಗೆ ತಂದು ಅಲ್ಲಿಂದ ಬಿಸಿನೀರಿನ ಪೈಪು ಎಳೆಸಿ, ಇಲ್ಲವೇ ಗ್ಯಾಸ್ ಗೀಸರನ್ನೇ ತೆಗೆಸಿ. ಅದರ ಖರ್ಚನ್ನು ಮನೆ ಬೆಲೆಯಲ್ಲಿ ಕಳೆಯಿರಿ. ಗೃಹಪ್ರವೇಶದ ಹಿಂದಿನ ದಿನದೊಳಗೆ ಈ ಕೆಲಸ ಮುಗಿದಿರಬೇಕು.

ಇನ್ನು ಗ್ಯಾಸ್ ಬ್ಯಾಂಕು. ಎಲ್‌ಪಿಜಿ ಗಾಳಿಗಿಂತ ಭಾರ; ಸೋರಿದರೆ ತಗ್ಗಿನಲ್ಲಿ ಕೂರುತ್ತದೆ. ಆದ್ದರಿಂದ ಸಿಲಿಂಡರುಗಳ ಸಾಲು ನೆಲಮಾಳಿಗೆಯಲ್ಲಿ ಇರಕೂಡದು. ಬಯಲಲ್ಲಿ, ಬೇಲಿಯೊಳಗೆ ಇರಬೇಕು. 100 ಕೆ.ಜಿ.ಗಿಂತ ಹೆಚ್ಚು ಎಲ್‌ಪಿಜಿ ಸಿಲಿಂಡರ್ ಇಡುವುದಕ್ಕೆ ಕೇಂದ್ರದ ಸ್ಫೋಟಕ ಸುರಕ್ಷತಾ ಸಂಸ್ಥೆ ಪೆಸೊದ ಪರವಾನಗಿ ಬೇಕು, ಅದು ಚಾಲ್ತಿಯಲ್ಲಿದೆಯೇ ಅಂತ ಅಸೋಸಿಯೇಷನ್ ಆಫೀಸಿನಲ್ಲಿ ಕೇಳಿ. ಅಲ್ಲೇ ಇನ್ನೊಂದು ಪ್ರಶ್ನೆ: ಮೀಟರು ತೋರಿಸುವುದು ಘನ ಮೀಟರ್, ಬಿಲ್ಲು ಬರುವುದು ಕೆ.ಜಿ.ಯಲ್ಲಿ. ಒಂದು ಘನ ಮೀಟರಿಗೆ ಎಷ್ಟು ಕೆ.ಜಿ. ಹಿಡಿಯುತ್ತಾರೆ? ಒತ್ತಡಕ್ಕೆ ತಕ್ಕಂತೆ ಎರಡೂಕಾಲು ಕೆ.ಜಿ. ಆಸುಪಾಸು ಇರುತ್ತದೆ. ಆ ಗುಣಕ ಹತ್ತನೇ ಒಂದು ಭಾಗ ಏರಿದರೆ 95 ರೂಪಾಯಿ ಸದ್ದಿಲ್ಲದೆ 104 ದಾಟುತ್ತದೆ. ಏನೂ ಬಳಸದ ತಿಂಗಳೂ ಕನಿಷ್ಠ ಶುಲ್ಕ ಇದೆಯೋ, ಈಗಿನ ಮಾಲೀಕರ ಡಿಪಾಸಿಟ್ ನಿಮ್ಮ ಹೆಸರಿಗೆ ಬರುತ್ತದೋ ಹೊಸದಾಗಿ ಕಟ್ಟಬೇಕೋ, ಅದನ್ನೂ ಕೇಳಿ.

ಅಣ್ಣನ ಟ್ಯಾಂಕಿನ ಪ್ರಶ್ನೆ ಇಲ್ಲಿಗೆ ಬರುತ್ತದೆ. ಬಿಲ್ಡರ್ ಯಾವ ಕಂಪನಿಯ ಜೊತೆ ಎಷ್ಟು ವರ್ಷದ ಒಪ್ಪಂದ ಮಾಡಿಕೊಂಡಿದ್ದಾನೆ, ಅಷ್ಟರೊಳಗೆ ಬೇರೆಯವರ ಗ್ಯಾಸು ತರಬಾರದು ಅಂತ ಬರೆದಿದೆಯೇ? ಬೆಂಗಳೂರಿನಲ್ಲಿ ಪೈಪಿನ ನೈಸರ್ಗಿಕ ಅನಿಲ ಕೊಡುವುದು ಗೇಲ್ ಗ್ಯಾಸ್, ದಾಬೋಲ್‌ನಿಂದ ಬರುವ ಕೊಳವೆಯಿಂದ. ನಿಮ್ಮ ರಸ್ತೆಗೆ ಅದರ ಲೈನು ಬಂದಿದೆಯೇ, ಅಸೋಸಿಯೇಷನ್ ಅರ್ಜಿ ಹಾಕಿದೆಯೇ ತಿಳಿದುಕೊಳ್ಳಿ. ಅದರ ದರ ಹೋಲಿಸುವುದು ಸುಲಭ: ಒಂದು ಮನೆ ಸಿಲಿಂಡರಿನ ಶಾಖಕ್ಕೆ ಸುಮಾರು 18 ಯೂನಿಟ್ (ಘನ ಮೀಟರ್) ನೈಸರ್ಗಿಕ ಅನಿಲ ಸಮ. ಯೂನಿಟ್ಟಿಗೆ 50 ರೂಪಾಯಿ ಇದ್ದರೆ ಸಿಲಿಂಡರಿಗೆ 900 ಕೊಟ್ಟ ಹಾಗೆ. ನಿಮ್ಮ ಗ್ಯಾಸ್ ಬ್ಯಾಂಕಿನಲ್ಲಿ ಅಷ್ಟೇ ಗ್ಯಾಸಿಗೆ 1,349. ಮುಂದೆ ಲೈನು ಬಂದರೆ ಒಲೆಯ ಜೆಟ್ ಬದಲಾಯಿಸಬೇಕಾಗುತ್ತದೆ. ಅದನ್ನು ಕಂಪನಿಯ ಟೆಕ್ನಿಷಿಯನ್ನೇ ಮಾಡಲಿ. ಶಿವಾಜಿನಗರದಲ್ಲಿ ಒಲೆ ರಿಪೇರಿಯವರು ಎಷ್ಟು ಕೈಚಳಕದವರಾದರೂ ಇದು ಅವರ ಕೆಲಸವಲ್ಲ.

ಒಪ್ಪಂದ ಮುಗಿಯುತ್ತಾ ಬಂದಿದ್ದರೆ ಮನೆ ಧೈರ್ಯವಾಗಿ ತೆಗೆದುಕೊಳ್ಳಿ. ಇನ್ನೂ ಹತ್ತು ಹನ್ನೆರಡು ವರ್ಷ ಬಿಗಿಯಾಗಿದ್ದರೂ ತೆಗೆದುಕೊಳ್ಳಬಹುದು, ಲಕ್ಷದ ಚೌಕಾಸಿಯನ್ನು ಇನ್ನಷ್ಟು ಗಟ್ಟಿ ಮಾಡಿ. ಪರವಾನಗಿಯ ಕಾಗದವನ್ನೇ ತೋರಿಸದೆ ಆಫೀಸಿನವರು ನುಣುಚಿಕೊಂಡರೆ ಮಾತ್ರ ಬೇರೆ ಮನೆ ನೋಡಿ.

ಟೋಕನ್ ಅಡ್ವಾನ್ಸ್ ಕೊಡುವ ಮುಂಚೆಯೇ ಕಳೆದ ಹನ್ನೆರಡು ತಿಂಗಳ ಗ್ಯಾಸ್ ಬಿಲ್, ಬೆಸ್ಕಾಂ ಬಿಲ್, ಮೇಂಟೆನೆನ್ಸ್ ರಶೀದಿ ತರಿಸಿಕೊಳ್ಳಿ. ಫ್ಲ್ಯಾಟಿನ ಇ-ಖಾತಾ (ಪಾಲಿಕೆಯ ಆಸ್ತಿ ದಾಖಲೆ) ನೋಡಿದ್ದೀರಿ ಅಂದುಕೊಂಡಿದ್ದೇನೆ. ಪತ್ರದಲ್ಲಿ ಅದರ ಮಾತೇ ಇಲ್ಲ. ನೋಡಿಲ್ಲವಾದರೆ ಗ್ಯಾಸಿಗಿಂತ ಮೊದಲು ಅದು.