ಹಗಲಿನಲ್ಲಿ ಕಂಡ ರಾತ್ರಿಪ್ರಾಣಿ

ಸದಸ್ಯ ಬಾಂಧವರಲ್ಲಿ ಹಲವರು ನಮ್ಮನ್ನು ಕೇಳುವ ಪ್ರಶ್ನೆಯೊಂದಿದೆ. ರಾತ್ರಿ ತಿರುಗುವ ಕಾಡುಪ್ರಾಣಿ ಹಗಲು ಹೊತ್ತಿನಲ್ಲಿ ಕಣ್ಣಿಗೆ ಬಿದ್ದರೆ ಅದಕ್ಕೆ ಹುಚ್ಚು ಹಿಡಿದಿದೆಯೆಂದು ತಿಳಿಯಬೇಕೆ? ಹಾಗೆಂದು ಹೊಡೆದು ಹಾಕಿದವರೂ ಇದ್ದಾರೆ. ಏನೂ ಆಗದೆಂದು ಹತ್ತಿರ ಹೋಗಿ ಕಚ್ಚಿಸಿಕೊಂಡವರೂ ಇದ್ದಾರೆ. ಆದ್ದರಿಂದ ಈ ಸಲ ಗೊಬ್ಬರ, ಔಷಧಿಯ ಮಾತನ್ನು ಬದಿಗಿಟ್ಟು ಈ ವಿಷಯವನ್ನು ನೋಡೋಣ.

ಕಳೆದ ವರ್ಷ ಕಾಫಿ ಕೊಯ್ಲು ಮುಗಿದ ಮೇಲೆ ನಾವು ಕೆಲವರು ನಾಗರಹೊಳೆಗೆ ಹೋಗಿದ್ದೆವು. ಬಿಸಿಲೇರಿದ ಮೇಲೂ ಕಾಡುಹಂದಿಗಳ ಹಿಂಡೊಂದು ಮರಿಗಳೊಡನೆ ದಾರಿಯ ಪಕ್ಕದಲ್ಲೇ ನೆಲ ಕೆದಕುತ್ತಿತ್ತು. ಸ್ವಲ್ಪ ಮುಂದೆ ಮತ್ತಿಮರದ ಕೊಂಬೆಯ ಮೇಲೆ ಚಿರತೆ ಕಾಲು ಇಳಿಬಿಟ್ಟು ಮಲಗಿತ್ತು. ನಮ್ಮ ತೋಟಗಳಲ್ಲಾದರೋ ಹಂದಿಯ ಮುಖ ಕಂಡವರು ಕಡಿಮೆ. ಬೆಳಿಗ್ಗೆ ಎದ್ದು ಕಿತ್ತು ಬಿದ್ದ ಅಡಿಕೆ ಸಸಿ, ಬಾಳೆಗಡ್ಡೆ ಕಂಡು ಬೈಯುವುದಷ್ಟೇ ನಮ್ಮ ಪಾಲು.

ಪ್ರಾಣಿ ಅದೇ, ನಡೆ ಮಾತ್ರ ಬೇರೆ. ಇದಕ್ಕೆ ಕಾರಣ ನಾವೇ. ಆರು ಖಂಡಗಳ 62 ಜಾತಿಯ ಸಸ್ತನಿಗಳ ಬಗ್ಗೆ ನಡೆದ 76 ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಜ್ಞಾನಿಗಳು 2018ರಲ್ಲಿ ಒಂದು ವರದಿ ಪ್ರಕಟಿಸಿದರು. ಹಗಲು ಅರ್ಧ, ರಾತ್ರಿ ಅರ್ಧ ಓಡಾಡುವ ಪ್ರಾಣಿ ಮನುಷ್ಯರ ಗದ್ದಲವಿರುವ ಕಡೆ ತನ್ನ ಓಡಾಟದ ಶೇಕಡಾ 68 ಭಾಗವನ್ನು ರಾತ್ರಿಗೆ ಇಟ್ಟುಕೊಳ್ಳುತ್ತದೆಂದು ಅದರಿಂದ ತಿಳಿಯಿತು. ಅಂದರೆ ಹಂದಿ, ಚಿರತೆಗಳನ್ನು ನಾವು ರಾತ್ರಿಪ್ರಾಣಿಗಳೆಂದು ಕರೆಯುವುದು ಪೂರ್ತಿ ಸರಿಯಲ್ಲ. ಜನರ ಕಾಟವಿಲ್ಲದೆಡೆ ಅವು ಹಗಲಲ್ಲಿ ಕಂಡರೆ ರೋಗದ ಶಂಕೆ ಬೇಡ.

ಕಬ್ಬೆಕ್ಕು, ಮುಳ್ಳುಹಂದಿ, ಕಾಡುಪಾಪ, ಹಾರುಬೆಕ್ಕು ಇವುಗಳ ಮಾತು ಬೇರೆ. ಇವು ಹುಟ್ಟಿನಿಂದಲೇ ಇರುಳಿನವು. ಹಗಲು ಪೊಟರೆಯಲ್ಲೋ ಬಿಲದಲ್ಲೋ ಎಲೆಮರೆಯಲ್ಲೋ ಇರತಕ್ಕವು. ಇವು ಹೊರಗೆ ಕಂಡರೆ ಏನೋ ಕಾರಣವಿದೆ. ಆ ಕಾರಣ ಹೆಚ್ಚಾಗಿ ನಮ್ಮ ಕೆಲಸವೇ ಆಗಿರುತ್ತದೆ. ನಮ್ಮಲ್ಲಿ ಮರಗಸಿ ಮಾಡಿಸುವಾಗ ಕಬ್ಬೆಕ್ಕೊಂದು ಪೊಟರೆಯಿಂದ ಕೆಳಗೆ ಬಿದ್ದು ತಬ್ಬಿಬ್ಬಾಗಿ ಸುತ್ತತೊಡಗಿತು. "ಹುಚ್ಚು ಹಿಡಿದದೆ, ಹೊಡೀರಿ ಅಯ್ಯಾ" ಎಂದು ಆಳುಗಳು ಕೂಗಿದರು. ತಡೆದು ಏಣಿ ಹತ್ತಿ ನೋಡಿದರೆ ಪೊಟರೆಯಲ್ಲಿ ಎರಡು ಮರಿ! ಆ ಮರವನ್ನು ಹಾಗೇ ಬಿಟ್ಟೆವು. ಮೂರನೆಯ ದಿನ ಪೊಟರೆ ಖಾಲಿಯಾಗಿತ್ತು. (ಕಬ್ಬೆಕ್ಕು ನಾಲ್ಕು ಕಾಫಿ ಹಣ್ಣು ತಿಂದರೆ ತಿನ್ನಲಿ, ತೋಟದ ಇಲಿಗಳನ್ನೂ ಅದು ತಿನ್ನುತ್ತದಲ್ಲ.)

ನರಿಯ ವಿಷಯದಲ್ಲಿ ಮಾತ್ರ ಎಚ್ಚರಿಕೆ ಹೆಚ್ಚಿರಬೇಕು. ಮುಂಜಾನೆ, ಸಂಜೆ, ಮೋಡ ಕವಿದ ದಿನ ಅದು ಓಡಾಡುವುದು ಸಹಜ. ಮನುಷ್ಯರನ್ನು ಕಂಡೊಡನೆ ಓಡುತ್ತದೆ. ಓಡದೆ ನೇರ ಅಂಗಳಕ್ಕೆ ಬಂದರೆ, ಕಲ್ಲು ಕಟ್ಟಿಗೆ ಕಚ್ಚಿದರೆ, ಹಿಂಗಾಲು ಎಳೆದರೆ, ದವಡೆ ಜೋತು ಜೊಲ್ಲು ಸುರಿಸಿದರೆ ಹುಚ್ಚೆಂದೇ ಶಂಕಿಸಬೇಕು. ಸಾಧುವಾಗಿ ಮಂಕಾಗಿ ಕುಳಿತದ್ದನ್ನೂ ನಂಬಬಾರದು, ಹುಚ್ಚಿನಲ್ಲಿ ಆ ಬಗೆಯೂ ಇದೆ. ಮಕ್ಕಳನ್ನೂ ನಾಯಿಗಳನ್ನೂ ಒಳಗೆ ಸೇರಿಸಿ ಅರಣ್ಯ ಇಲಾಖೆಗೆ ತಿಳಿಸಿರಿ. ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟಬೇಡಿರಿ.

ಕಚ್ಚಿದರೆ ಗಾಯವನ್ನು ಕೂಡಲೇ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಸುಣ್ಣ, ಮೆಣಸಿನಪುಡಿ, ಹೊಗೆಸೊಪ್ಪು ಯಾವುದೂ ಬೇಡ. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಗಾಯ ಆಳವಾಗಿದ್ದರೆ ಲಸಿಕೆಯ ಜೊತೆಗೆ ಗಾಯಕ್ಕೆ ಸೀರಮ್ಮನ್ನೂ ಕೊಡುತ್ತಾರೆ. ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುವ ಕಾಲ ಹೋಯಿತು, ಈಗ ತೋಳಿಗೆ ನಾಲ್ಕೈದು ಸಲ ಅಷ್ಟೇ. ಕೆಲಸದ ನೆಪದಲ್ಲಿ ಒಂದನ್ನೂ ತಪ್ಪಿಸಬಾರದು, ರೋಗ ಕಾಣಿಸಿಕೊಂಡ ಮೇಲೆ ಮದ್ದಿಲ್ಲ. ದನಕರುಗಳಿಗೆ ಕಚ್ಚಿದ್ದರೆ ಪಶುವೈದ್ಯರಿಗೆ ಅಂದೇ ತಿಳಿಸಿರಿ. ಲಸಿಕೆ ಅವಕ್ಕೂ ಇದೆ.