ಗಣಕಯಂತ್ರದ ಗ್ರಂಥಭಂಡಾರ

ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಗಣಿತ ಪ್ರಯೋಗಾಲಯದಲ್ಲಿ ಒಂದು ಉಕ್ಕಿನ ಬೀರು ಇದ್ದಿತು. ಅದರೊಳಗೆ ಇದ್ದುದು ಪುಸ್ತಕಗಳಲ್ಲ. ರಂಧ್ರ ಕೊರೆದ ಕಾಗದದ ಪಟ್ಟಿಗಳ ಸುರುಳಿಗಳು. ಆದರೂ ಅಲ್ಲಿನವರು ಅದನ್ನು ಗ್ರಂಥಭಂಡಾರವೆಂದೇ ಕರೆಯುತ್ತಿದ್ದರು. ಎಡ್‌ಸ್ಯಾಕ್ ಎಂಬ ಗಣಕಯಂತ್ರಕ್ಕಾಗಿ ಸಿದ್ಧವಾದ ಭಂಡಾರವದು. ಆ ಯಂತ್ರವು 1949ರ ಮೇ 6ರಂದು ವರ್ಗಸಂಖ್ಯೆಗಳ ಕೋಷ್ಟಕವನ್ನು ಅಚ್ಚು ಮಾಡಿ ತನ್ನ ಕೆಲಸವನ್ನು ಆರಂಭಿಸಿತ್ತು.

ಗಣಕಯಂತ್ರವು ಮಾಡಬೇಕಾದ ಕೆಲಸವನ್ನು ಹೆಜ್ಜೆ ಹೆಜ್ಜೆಯಾಗಿ ತಿಳಿಸುವ ಆಜ್ಞೆಗಳ ಸರಣಿಗೆ ಕ್ರಮವಿಧಿ ಎಂದು ಹೆಸರು. ವರ್ಗಮೂಲ ತೆಗೆಯುವುದು, ಉತ್ತರವನ್ನು ಅಚ್ಚು ಮಾಡುವುದು ಮೊದಲಾದ ಕೆಲಸಗಳು ಅನೇಕ ಕ್ರಮವಿಧಿಗಳಲ್ಲಿ ಮರಳಿ ಮರಳಿ ಬರುತ್ತವೆ. ಪ್ರತಿಯೊಬ್ಬನೂ ಅವನ್ನು ಹೊಸದಾಗಿ ಬರೆಯಹೊರಟರೆ ತಪ್ಪುಗಳೂ ಹೊಸದಾಗಿಯೇ ಹುಟ್ಟುತ್ತವೆ. ಎಡ್‌ಸ್ಯಾಕಿನ ನಿರ್ಮಾಪಕರಾದ ಮಾರಿಸ್ ವಿಲ್ಕ್ಸ್ ಇದನ್ನು ಬೇಗನೆ ಮನಗಂಡರು. ಒಮ್ಮೆ ಬರೆದು ಪರೀಕ್ಷಿಸಿದ ಇಂತಹ ತುಂಡುಗಳನ್ನು, ಅಂದರೆ ಉಪವಿಧಿಗಳನ್ನು, ಯಾವ ಕ್ರಮವಿಧಿಗೆ ಬೇಕಾದರೂ ಸೇರಿಸುವ ಜಾಣ ಉಪಾಯವನ್ನು ಅವರ ತರುಣ ಸಹೋದ್ಯೋಗಿ ಡೇವಿಡ್ ವೀಲರ್ ರೂಪಿಸಿದರು. 1951ರ ವೇಳೆಗೆ ಭಂಡಾರದಲ್ಲಿ 87 ಉಪವಿಧಿಗಳಿದ್ದವು. ಬೇಕಾದವರು ಸುರುಳಿಯನ್ನು ತೆಗೆದು, ಅದರ ರಂಧ್ರಗಳನ್ನು ಯಂತ್ರದ ನೆರವಿನಿಂದ ತಮ್ಮ ಪಟ್ಟಿಯ ಮೇಲೆ ಯಥಾವತ್ತಾಗಿ ನಕಲು ಮಾಡಿಕೊಂಡು, ಮೂಲವನ್ನು ಬೀರುವಿಗೆ ಮರಳಿಸುತ್ತಿದ್ದರು.

ಹೀಗೆ ನಕಲನ್ನು ಕ್ರಮವಿಧಿಯ ಒಡಲಿಗೇ ಸೇರಿಸುವುದನ್ನು ಸ್ಥಿರ ಜೋಡಣೆ ಎನ್ನಬಹುದು. ಇದರಿಂದ ಕ್ರಮವಿಧಿಯು ಸ್ವಾವಲಂಬಿಯಾಗುತ್ತದೆ. ಆದರೆ ನೂರು ಕ್ರಮವಿಧಿಗಳಿಗೆ ನೂರು ನಕಲುಗಳಾಗುತ್ತವೆ. ಒಂದೇ ಯಂತ್ರವನ್ನು ಹಲವರು ಏಕಕಾಲದಲ್ಲಿ ಬಳಸುವ ಕಾಲ ಬಂದಾಗ ಇದು ದುಬಾರಿಯೆನಿಸಿತು. 1965ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಮಲ್ಟಿಕ್ಸ್ ಯೋಜನೆಯು ಬೇರೆಯ ದಾರಿ ಹಿಡಿಯಿತು. ಉಪವಿಧಿಯ ಒಂದೇ ಪ್ರತಿ ಯಂತ್ರದ ಸ್ಮೃತಿಯಲ್ಲಿರುತ್ತದೆ. ಬೇಕಾದ ಕ್ರಮವಿಧಿಗಳು ಕೆಲಸದ ಹೊತ್ತಿನಲ್ಲಿ ಅದನ್ನು ಹೆಸರು ಹಿಡಿದು ಕರೆಯುತ್ತವೆ. ಹಂಚಿಕೆಯ ಭಂಡಾರವೆಂದರೆ ಇದೇ.

ತರಗತಿಯಲ್ಲಿ ಲಘುಗಣಕ ಕೋಷ್ಟಕದ ಒಂದೇ ಪುಸ್ತಕವಿದೆಯೆಂದು ಭಾವಿಸೋಣ. ಕೆಲವರು ಬೇಕಾದ ಸಾಲುಗಳನ್ನು ತಮ್ಮ ನೋಟುಪುಸ್ತಕಕ್ಕೆ ಬರೆದುಕೊಳ್ಳುತ್ತಾರೆ. ಉಳಿದವರು ಪುಟದ ಸಂಖ್ಯೆಯನ್ನಷ್ಟೇ ಗುರುತಿಟ್ಟುಕೊಳ್ಳುತ್ತಾರೆ. ಕೋಷ್ಟಕದಲ್ಲಿ ಅಚ್ಚಿನ ತಪ್ಪು ಕಂಡುಬಂದಿತೆನ್ನಿ. ಪುಸ್ತಕವನ್ನು ತಿದ್ದಿದರೆ ಎರಡನೆಯ ಗುಂಪಿನವರೆಲ್ಲರ ತಪ್ಪೂ ತಿದ್ದಿದಂತೆ. ಮೊದಲನೆಯವರ ನೋಟುಪುಸ್ತಕಗಳಲ್ಲಿ ತಪ್ಪು ಹಾಗೆಯೇ ಉಳಿಯುತ್ತದೆ. ಆದರೆ ಪುಟಗಳ ಸಂಖ್ಯೆ ಬದಲಾದ ಹೊಸ ಮುದ್ರಣವನ್ನು ಯಾರಾದರೂ ತಂದಿಟ್ಟರೆ ದಿಕ್ಕು ತಪ್ಪುವವರು ಎರಡನೆಯ ಗುಂಪಿನವರೇ! 1990ರ ದಶಕದಲ್ಲಿ ವಿಂಡೋಸ್ ಬಳಸುತ್ತಿದ್ದವರು ಈ ಕಷ್ಟವನ್ನು ಸಾಕಷ್ಟು ಅನುಭವಿಸಿದರು. ಹೊಸ ಕ್ರಮವಿಧಿಯೊಂದು ಯಂತ್ರಕ್ಕೆ ಬರುವಾಗ ಹಂಚಿಕೆಯ ಭಂಡಾರದ ಮೇಲೆ ತನ್ನದೇ ಬೇರೊಂದು ಆವೃತ್ತಿಯನ್ನು ಹಾಕಿಬಿಡುತ್ತಿತ್ತು. ನಿನ್ನೆಯವರೆಗೆ ಸರಿಯಾಗಿದ್ದ ಮತ್ತೊಂದು ಕ್ರಮವಿಧಿ ಕೆಟ್ಟು ನಿಲ್ಲುತ್ತಿತ್ತು.

ನಕಲಿನ ಅಪಾಯ ಇದಕ್ಕಿಂತ ಮೌನವಾದುದು. ಜೆಡ್‌ಲಿಬ್ ಎಂಬುದು ದತ್ತಾಂಶವನ್ನು ಅಡಕಗೊಳಿಸುವ ಉಪವಿಧಿಗಳ ಭಂಡಾರ. ಉಚಿತವಾಗಿ ದೊರೆಯುತ್ತಿದ್ದುದರಿಂದ ಅಸಂಖ್ಯ ಕ್ರಮವಿಧಿಗಳಲ್ಲಿ ಅದು ಸೇರಿಹೋಗಿತ್ತು. ಒಮ್ಮೆ ಬಿಟ್ಟುಕೊಟ್ಟ ಸ್ಮೃತಿಯ ಭಾಗವನ್ನೇ ಇನ್ನೊಮ್ಮೆ ಬಿಟ್ಟುಕೊಡುವ ದೋಷವೊಂದು ಅದರಲ್ಲಿದೆಯೆಂದು 2002ರ ಮಾರ್ಚ್ ತಿಂಗಳಲ್ಲಿ ಬಹಿರಂಗವಾಯಿತು. ಕುತಂತ್ರದಿಂದ ರಚಿಸಿದ ದತ್ತಾಂಶವು ಕ್ರಮವಿಧಿಯನ್ನು ಕೆಡವಬಹುದಾಗಿತ್ತು; ಪರರ ಆಜ್ಞೆಗಳನ್ನು ಅದರಿಂದ ನಡೆಸುವ ಸಂಭವವೂ ಇದ್ದಿತು. ಲಿನಕ್ಸ್ ಯಂತ್ರಗಳಲ್ಲಿ ಹಂಚಿಕೆಯ ಪ್ರತಿಯನ್ನು ಬಳಸುತ್ತಿದ್ದ ಕ್ರಮವಿಧಿಗಳಿಗೆ ಪರಿಹಾರ ಸುಲಭವಾಗಿತ್ತು: ಒಂದು ಕಡತವನ್ನು ಬದಲಿಸಿ ಅವನ್ನು ಮತ್ತೆ ಆರಂಭಿಸಿದರೆ ಸಾಕು. ನಕಲನ್ನು ಒಡಲಲ್ಲಿಟ್ಟುಕೊಂಡಿದ್ದವುಗಳ ಗತಿಯೇನು? ಅವನ್ನು ಒಂದೊಂದಾಗಿ ಹುಡುಕಿ ಮರಳಿ ಕಟ್ಟಬೇಕಾಗಿತ್ತು. ಲಿನಕ್ಸಿನ ತಿರುಳಿನಲ್ಲಿಯೇ ಒಂದು ನಕಲು ಇದ್ದಿತು. ಸಿದ್ಧ ಕ್ರಮವಿಧಿಗಳ ಒಡಲನ್ನು ಶೋಧಿಸಿ ಜೆಡ್‌ಲಿಬ್‌ನ ಗುರುತುಗಳನ್ನು ಪತ್ತೆಹಚ್ಚಲು ಬೇರೆ ಕ್ರಮವಿಧಿಯನ್ನೇ ಬರೆಯಬೇಕಾಯಿತು.

ಇಷ್ಟಾದರೂ ನಕಲಿನ ಪದ್ಧತಿ ಅಳಿಯಲಿಲ್ಲ. ಸ್ಮೃತಿ ಅಗ್ಗವಾದಂತೆ ಅದು ಹೊಸ ಬಲವನ್ನೇ ಪಡೆಯಿತು. 2009ರಲ್ಲಿ ಪ್ರಕಟವಾದ ಗೋ ಎಂಬ ಭಾಷೆಯಲ್ಲಿ ಬರೆದ ಕ್ರಮವಿಧಿಯು ತನಗೆ ಬೇಕಾದ ಭಂಡಾರಗಳನ್ನು ಸಾಮಾನ್ಯವಾಗಿ ತನ್ನೊಳಗೇ ಹೊತ್ತು ತಿರುಗುತ್ತದೆ. ಒಂದು ವ್ಯತ್ಯಾಸ ಮಾತ್ರ ಉಂಟು: ಯಾವ ಭಂಡಾರದ ಯಾವ ಆವೃತ್ತಿ ಒಳಗಿದೆ ಎಂಬ ಪಟ್ಟಿಯನ್ನೂ ಆ ಒಡಲಲ್ಲಿಯೇ ಬರೆದಿಡುವ ಏರ್ಪಾಡು ತರುವಾಯ ಬಂದಿತು.