ಫೋನು ಅವರ ಕೈಯಲ್ಲೇ ಇರಲಿ

ಮಗಳೇ,

ಮುಂದಿನ ತಿಂಗಳಿಂದ ತಾಲ್ಲೂಕಿನ ಆಶಾ ಕಾರ್ಯಕರ್ತೆಯರಿಗೆ ಮೊಬೈಲ್ ಆ್ಯಪ್‌ಗಳ ತರಬೇತಿ ಕೊಡುವ ಹೊಣೆ ನಿನ್ನದಂತೆ. ಕೇಳಿ ಸಂತೋಷವಾಯಿತು. ನಿನಗೆ ಫೋನು ಗೊತ್ತು, ಕಂಪ್ಯೂಟರ್ ಗೊತ್ತು. ನನಗೆ ಆ ಹೆಣ್ಣುಮಕ್ಕಳು ಗೊತ್ತು. ಉಪಕೇಂದ್ರದ ಸಿಸ್ಟರ್ ಆಗಿ, ಆಮೇಲೆ ಹಿರಿಯ ಆರೋಗ್ಯ ಸಹಾಯಕಿಯಾಗಿ, ನಿವೃತ್ತಿಯಾಗುವವರೆಗೂ ಅವರ ಜೊತೆಯಲ್ಲೇ ಮನೆಮನೆ ತಿರುಗಿದವಳು ನಾನು. ಆ ಸಲಿಗೆಯಿಂದ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಕಲಿಸುವಾಗ ಅವರ ಕೈಯಿಂದ ಫೋನು ತೆಗೆದುಕೊಳ್ಳಬೇಡ. ಯಾರೋ ಒಬ್ಬರು ತಡವರಿಸುತ್ತಿರುತ್ತಾರೆ, ಹಿಂದೆ ಇಪ್ಪತ್ತು ಜನ ಕಾಯುತ್ತಿರುತ್ತಾರೆ. ಆಗ ‘ಕೊಡಿ ಇಲ್ಲಿ, ನಾನೇ ಮಾಡಿಕೊಡ್ತೀನಿ’ ಎನ್ನುವ ಮಾತು ತಾನಾಗಿ ಬಾಯಿಗೆ ಬರುತ್ತದೆ. ಅದನ್ನು ನುಂಗಿಕೊ. ರೊಟ್ಟಿ ತಟ್ಟುವುದನ್ನು ನೋಡಿ ರೊಟ್ಟಿ ಕಲಿತವರು ಯಾರೂ ಇಲ್ಲ, ಕೈಗೆ ಹಿಟ್ಟು ಅಂಟಬೇಕು. ನಿನ್ನ ಬೆರಳು ಅವರ ಸ್ಕ್ರೀನಿನ ಮೇಲೆ ಓಡಿದರೆ ಆ ದಿನದ ಎಂಟ್ರಿ ಮುಗಿಯುತ್ತದೆ ಅಷ್ಟೇ, ಮನೆಗೆ ಹೋದ ಮೇಲೆ ಅವರಿಗೆ ಅದು ಬರುವುದಿಲ್ಲ. ನೀನು ಪಕ್ಕದಲ್ಲಿ ಕೂತು ಬಾಯಲ್ಲಿ ಹೇಳು. ತಪ್ಪು ಒತ್ತಲಿ, ಹಿಂದಕ್ಕೆ ಬರುವುದು ಹೇಗೆಂದು ಅದರಿಂದಲೇ ಕಲಿಯುತ್ತಾರೆ.

ನಿನ್ನ ಮುಂದೆ ಬಂದು ಕೂರುವವರಲ್ಲಿ ಅನೇಕರು ನಿನಗಿಂತ ಹಿರಿಯರು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗ ಸಾವಿರ ಜನಸಂಖ್ಯೆಗೆ ಒಬ್ಬರಂತೆ ಆಯಾ ಊರಿನ ಹೆಣ್ಣುಮಗಳನ್ನೇ ಆರಿಸಿದರು. ಎಂಟನೇ ತರಗತಿ ಓದಿದ್ದರೂ ಸಾಕೆಂದಿತ್ತು. ಅಂದು ಮೂವತ್ತರ ಪ್ರಾಯದಲ್ಲಿ ಸೇರಿದವರು ಇಂದು ಐವತ್ತರ ಆಚೆಗಿದ್ದಾರೆ, ಸಣ್ಣ ಅಕ್ಷರ ಕಣ್ಣಿಗೆ ಹಿಡಿಯುವುದಿಲ್ಲ. ಫೋನಿನಲ್ಲಿ ಅಕ್ಷರ ದೊಡ್ಡದು ಮಾಡುವುದನ್ನೇ ಮೊದಲ ಪಾಠ ಮಾಡು. ‘ಅಕ್ಕಾ’ ಎಂದು ಕರೆ, ‘ಏನಮ್ಮಾ ನೀನು’ ಅನ್ನಬೇಡ. ಕೋವಿಡ್ ಕಾಲದಲ್ಲಿ ಮನೆಮನೆಗೆ ಹೋದವರು ಇವರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾಗಳಿಗೆ ಜಾಗತಿಕ ಆರೋಗ್ಯ ನಾಯಕತ್ವದ ಪ್ರಶಸ್ತಿ ಕೊಟ್ಟು ಗೌರವಿಸಿತು. ಇವರಿಗೆ ಫೋನು ಹೊಸದು ಎಂದೂ ತಿಳಿಯಬೇಡ. ಸ್ವಸಹಾಯ ಸಂಘದ ಲೆಕ್ಕ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರೆ, ಫೋನ್‌ಪೇಯಲ್ಲಿ ದುಡ್ಡು ಹಾಕುತ್ತಾರೆ. ಅವರ ಹೆದರಿಕೆ ಫೋನಿನದಲ್ಲ. ತಪ್ಪು ಒತ್ತಿದರೆ ಮೇಲಿನವರು ಕೇಳುತ್ತಾರೆ, ಆ ತಿಂಗಳ ದುಡ್ಡು ಹೋಗುತ್ತದೆ ಎನ್ನುವ ಹೆದರಿಕೆ ಅದು. ನಕಲಿ ಕುಟುಂಬವೊಂದನ್ನು ಕಟ್ಟಿಕೊಟ್ಟು, ಅದರ ಮೇಲೆ ಎಷ್ಟು ಬೇಕಾದರೂ ತಪ್ಪು ಮಾಡಿ ಎಂದು ಬಿಟ್ಟುಬಿಡು. ಕೈ ಸಡಿಲವಾಗುತ್ತದೆ.

ಲಾಗಿನ್, ಪಾಸ್‌ವರ್ಡ್, ಡ್ಯಾಶ್‌ಬೋರ್ಡ್ ಎಂದು ಶುರು ಮಾಡಬೇಡ. ಈ ಫೋನು ಅವರಿಗೆ ವಾಪಸ್ ಏನು ಕೊಡುತ್ತದೆ, ಅಲ್ಲಿಂದ ಶುರು ಮಾಡು. ಆಸ್ಪತ್ರೆಯಲ್ಲಿ ಹೆರಿಗೆಯಾದ ಬಾಣಂತಿಯ ಮನೆಗೆ 3, 7, 14, 21, 28, 42ನೇ ದಿನ ಹೋಗಬೇಕು. ಮಗು ಬೆಳೆದ ಮೇಲೆ 3, 6, 9, 12, 15ನೇ ತಿಂಗಳಲ್ಲಿ ಮತ್ತೆ ಭೇಟಿ. ಊರಿನಲ್ಲಿ ನಾಲ್ಕೈದು ಬಾಣಂತಿಯರಿದ್ದು, ಜೊತೆಗೆ ಬಸುರಿಯರು, ಚುಚ್ಚುಮದ್ದಿನ ಮಕ್ಕಳು, ಕ್ಷಯದ ಮಾತ್ರೆ ನುಂಗುವವರು ಎಂದಾಗ ಇದನ್ನೆಲ್ಲ ತಲೆಯಲ್ಲಿ ಇಟ್ಟುಕೊಳ್ಳುವುದು ಸುಲಭವಲ್ಲ. ಇಂದು ಯಾರ ಮನೆಗೆ ಹೋಗಬೇಕು ಎಂಬ ಪಟ್ಟಿ ಬೆಳಿಗ್ಗೆ ಎದ್ದ ಕೂಡಲೇ ಫೋನಿನಲ್ಲಿ ಬಂದರೆ ಅದು ಅವರ ಹೊರೆ ಇಳಿಸುತ್ತದೆ. ಗುಜರಾತಿನ ಝಗಡಿಯಾದ ಸೇವಾ ರೂರಲ್ ಸಂಸ್ಥೆ ‘ಇಮ್‌ಟೆಕೋ’ ಎಂಬ ಆ್ಯಪ್ ಮಾಡಿ ಆದಿವಾಸಿ ಊರುಗಳ ಆಶಾಗಳ ಕೈಗೆ ಕೊಟ್ಟಿತು. ಅದರಲ್ಲಿ ದಿನದ ಕೆಲಸದ ಪಟ್ಟಿ ಇತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದವರೂ ಅದನ್ನು ನೋಡಿ, ಎಲ್ಲಿ ತೊಡಕಾಗಿದೆಯೋ ಅಲ್ಲಿಗೆ ನೆರವಿಗೆ ಬರುತ್ತಿದ್ದರು. ಹೆರಿಗೆಯಾದ ಮೊದಲ ವಾರದ ಮನೆಭೇಟಿಗಳು ಅಲ್ಲಿ ಹೆಚ್ಚಾದವು. ಪಟ್ಟಿ ಎಷ್ಟು ಮುಖ್ಯವೋ, ಹಿಂದೆ ನಿಂತವರೂ ಅಷ್ಟೇ ಮುಖ್ಯ.

ಈಗ ತಾರೀಖಿನ ವಿಷಯ. ಇದಕ್ಕೆ ಅರ್ಧ ದಿನ ಇಟ್ಟರೂ ಹೆಚ್ಚಲ್ಲ. ಬಸುರಿಯನ್ನು ನೋಂದಾಯಿಸುವಾಗ ಆ್ಯಪ್ ಕೊನೆಯ ಮುಟ್ಟಿನ ದಿನ ಕೇಳುತ್ತದೆ. ಅದಕ್ಕೆ ಒಂಬತ್ತು ತಿಂಗಳು ಏಳು ದಿನ ಸೇರಿಸಿ ಹೆರಿಗೆಯ ದಿನ ತೆಗೆಯುತ್ತದೆ. ಮುಂದಿನ ತಪಾಸಣೆ, ಚುಚ್ಚುಮದ್ದು, ಭೇಟಿ ಎಲ್ಲವೂ ಆ ಒಂದು ತಾರೀಖಿನ ಮೇಲೆ ನಿಂತಿವೆ. ನಮ್ಮ ಹೆಣ್ಣುಮಕ್ಕಳು ತಾರೀಖು ಹೇಳುತ್ತಾರೆಯೇ? ‘ಆರಿದ್ರಾ ಮಳೆ ಹಿಡಿದ ವಾರ’, ‘ಭೂಮಿ ಹುಣ್ಣಿಮೆ ಆಗಿ ನಾಲ್ಕು ದಿನಕ್ಕೆ ಹೊರಗಾಗಿದ್ದೆ’, ‘ನಾಟಿ ಮುಗಿದ ಮಾರನೇ ದಿನ’ ಎನ್ನುತ್ತಾರೆ. ಅದು ಸುಳ್ಳಲ್ಲ, ಬಹಳ ಸಲ ನಿಖರವಾಗಿಯೇ ಇರುತ್ತದೆ. ಆದರೆ ಫೋನಿಗೆ ಆರಿದ್ರಾ ಮಳೆ ತಿಳಿಯದು. ಅವಸರದಲ್ಲಿ ಯಾವುದೋ ತಿಂಗಳ ಒಂದನೇ ತಾರೀಖು ಹಾಕಿಬಿಟ್ಟರೆ ಮುಂದಿನ ಲೆಕ್ಕವೆಲ್ಲ ಅಡ್ಡದಾರಿ ಹಿಡಿಯುತ್ತದೆ. ತಿಥಿ, ಮಳೆ ನಕ್ಷತ್ರ ಇರುವ ಗೋಡೆ ಕ್ಯಾಲೆಂಡರನ್ನು ತರಬೇತಿಗೆ ತರಿಸು. ಹಬ್ಬ ಹೇಳಿದರೆ ತಾರೀಖು ಹುಡುಕುವುದನ್ನು ಜೋಡಿಜೋಡಿಯಾಗಿ ಅಭ್ಯಾಸ ಮಾಡಿಸು. ಇದರಲ್ಲಿ ಅವರೇ ನಿನಗೆ ಗುರುಗಳಾಗುತ್ತಾರೆ, ಕೋಣೆಯಲ್ಲಿ ಮಾತು ಏಳುತ್ತದೆ. ಆ ಮಾತಿಗೆ ಜಾಗ ಬಿಡು.

ತವರಿನದೂ ಹೀಗೇ. ಚೊಚ್ಚಲ ಹೆರಿಗೆಗೆ ಹುಡುಗಿ ತವರಿಗೆ ಹೋಗುತ್ತಾಳೆ. ಗಂಡನ ಊರಿನ ಆಶಾ ಒಮ್ಮೆ ನೋಂದಾಯಿಸಿರುತ್ತಾರೆ, ತವರಿನವರು ಹೊಸದಾಗಿ ಮತ್ತೊಮ್ಮೆ ನೋಂದಾಯಿಸುತ್ತಾರೆ. ಒಬ್ಬಳೇ ತಾಯಿ ಕಾಗದದ ಮೇಲೆ ಇಬ್ಬರಾಗುತ್ತಾಳೆ. ಒಂದು ಕಡೆ ಹೆರಿಗೆ ಬಾಕಿ, ಇನ್ನೊಂದು ಕಡೆ ಹಿಂದಿನ ತಪಾಸಣೆಗಳೇ ಇಲ್ಲ. ತಾಯಿ ಕಾರ್ಡಿನ ಮೇಲಿರುವ, ತಾಯಿ-ಮಗುವಿನ ನೋಂದಣಿಯ ಆರ್‌ಸಿಎಚ್ ನಂಬರು ಅವಳ ಜೊತೆ ಹೋಗಬೇಕಾದದ್ದು ಎಂದು ಒತ್ತಿ ಹೇಳು. ಸೀಮಂತದ ಹೊತ್ತಿಗೇ ತವರೂರಿನ ಆಶಾಗೆ ಫೋನು ಮಾಡಿ ತಿಳಿಸಿದರೆ ಅರ್ಧ ಗೊಂದಲ ತಪ್ಪುತ್ತದೆ.

ತಾಲ್ಲೂಕು ಕೇಂದ್ರದ ಸಭಾಂಗಣದಲ್ಲಿ ಸಿಗ್ನಲ್ ಚೆನ್ನಾಗಿರುತ್ತದೆ, ಅಲ್ಲಿ ಎಲ್ಲವೂ ಸರಾಗವಾಗಿ ನಡೆಯುತ್ತದೆ. ಶರಾವತಿ ಹಿನ್ನೀರಿನ ಊರುಗಳನ್ನು ನೆನೆಸಿಕೊ. 2025ರ ಜುಲೈಯಲ್ಲಿ ಸಿಗಂದೂರಿಗೆ ಸೇತುವೆಯಾಯಿತು, ಆದರೆ ಕಾಡಿನ ಮನೆಮನೆಗೂ ನೆಟ್‌ವರ್ಕ್ ಸಿಗುವ ದಿನ ಇನ್ನೂ ಬರಬೇಕಿದೆ. ಅದಕ್ಕೇ ತರಬೇತಿಯ ನಡುವೆ ಎಲ್ಲರ ಫೋನನ್ನೂ ಫ್ಲೈಟ್ ಮೋಡ್‌ಗೆ ಹಾಕಿಸು. ಈಗ ಒಂದು ಮನೆಯ ವಿವರ ತುಂಬಿ ಎನ್ನು. ಯಾವ ಆ್ಯಪ್ ನೆಟ್ ಇಲ್ಲದೆಯೂ ಉಳಿಸಿಕೊಳ್ಳುತ್ತದೆ, ಯಾವುದು ಉಳಿಸಿಕೊಳ್ಳುವುದಿಲ್ಲ ಎಂದು ಅವರ ಕಣ್ಣಾರೆ ಕಾಣಲಿ. ಫೋನಿನಲ್ಲಿ ಸೇವ್ ಆಗುವುದು ಬೇರೆ, ಸರ್ವರ್‌ಗೆ ಸಿಂಕ್ ಆಗುವುದು ಬೇರೆ. ಈ ವ್ಯತ್ಯಾಸ ತಿಳಿಯದೆ ಮಾಡಿದ ಕೆಲಸವೆಲ್ಲ ಹೋಯಿತೆಂದು ಅತ್ತವರನ್ನು ನಾನು ಕಂಡಿದ್ದೇನೆ. ಇಂಗ್ಲಿಷಿನಲ್ಲಿ ಬರುವ ಎರರ್ ಮೆಸೇಜುಗಳ ಫೋಟೋ ತೆಗೆದು, ಒಂದೊಂದರ ಕೆಳಗೂ ಏನು ಮಾಡಬೇಕೆಂದು ಕನ್ನಡದಲ್ಲಿ ಬರೆದು ಒಂದು ಹಾಳೆ ಮಾಡಿ ಹಂಚು. ಕನ್ನಡದಲ್ಲಿ ಮಾತಾಡಿದರೆ ಫೋನೇ ಬರೆದುಕೊಳ್ಳುವ ಅನುಕೂಲವನ್ನೂ ತೋರಿಸು. ಟೈಪ್ ಮಾಡಲು ಒದ್ದಾಡುವವರಿಗೆ ಅದು ದೊಡ್ಡ ಉಪಕಾರ.

ಮನೆಯೊಳಗೆ ಕೂತಾಗ ಫೋನು ಮಡಿಲಲ್ಲಿರಲಿ, ಕಣ್ಣು ಎದುರಿನವರ ಮುಖದ ಮೇಲಿರಲಿ. ಮೂವತ್ತು ವರ್ಷ ದಾಟಿದವರಿಗೆ ತುಂಬುವ ಸಿಬ್ಯಾಕ್ ಫಾರಂ ನೋಡು. ತಂಬಾಕು, ಕುಡಿತ, ಸೊಂಟದ ಅಳತೆ, ಮನೆಯಲ್ಲಿ ಯಾರಿಗಾದರೂ ಬಿಪಿ, ಸಕ್ಕರೆ ಇದೆಯೇ ಎಂದು ಒಂದರ ಹಿಂದೆ ಒಂದು ಪ್ರಶ್ನೆ. ಸ್ಕ್ರೀನು ನೋಡಿ ಗಟ್ಟಿಯಾಗಿ ಓದಿದರೆ, ಅಪ್ಪ ಅಮ್ಮ ಎದುರಿಗಿರುವಾಗ ಯಾವ ಗಂಡಸು ಕುಡಿತದ ಮಾತಿಗೆ ನಿಜ ಹೇಳುತ್ತಾನೆ? ಮೊದಲು ಮಾತು, ಆಮೇಲೆ ಫೋನು. ಆ ಫಾರಂನ ಒಟ್ಟು ಅಂಕ ನಾಲ್ಕು ದಾಟಿದರೆ ತಪಾಸಣೆಗೆ ಮೊದಲು ಕಳಿಸಬೇಕಾದವರು ಅವರೇ ಎಂದು ಆಶಾಗೆ ತಿಳಿದಿರಬೇಕು. ನಂಬರು ತುಂಬಿ ಮುಂದಿನ ಮನೆಗೆ ನಡೆಯುವುದನ್ನು ಕಲಿಸಿದರೆ ನಾವು ಗುಮಾಸ್ತರನ್ನು ಮಾಡಿದ ಹಾಗಾಯಿತು, ಆರೋಗ್ಯ ಕಾರ್ಯಕರ್ತೆಯರನ್ನಲ್ಲ.

ಒಟಿಪಿ ಬಂದಾಗ ಎಚ್ಚರ. ಆಭಾ ಎಂಬ 14 ಅಂಕಿಯ ಆರೋಗ್ಯ ಗುರುತಿನ ನಂಬರು ಮಾಡಿಸುವಾಗ ಆಧಾರ್‌ಗೆ ಜೋಡಿಸಿದ ಫೋನು ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗನ ಹತ್ತಿರ ಇರುತ್ತದೆ. ಒಟಿಪಿ ಯಾರಿಗೂ ಹೇಳಬೇಡಿ ಎಂದು ಬ್ಯಾಂಕಿನವರೂ ಪೊಲೀಸರೂ ಸಾರಿ ಸಾರಿ ಹೇಳಿದ್ದಾರೆ. ಜನ ಹಿಂಜರಿದರೆ ಅದು ಅವರ ವಿವೇಕ. ಯಾಕೆ ಕೇಳುತ್ತಿದ್ದೇವೆ, ಇದರಿಂದ ಏನು ಉಪಯೋಗ ಎಂದು ಬಿಡಿಸಿ ಹೇಳಲಿ. ಆಭಾ ಕಡ್ಡಾಯವಲ್ಲ, ಬೇಡ ಎಂದವರಿಗೆ ಆಸ್ಪತ್ರೆಯ ಸೇವೆ ನಿಲ್ಲುವುದಿಲ್ಲ ಎನ್ನುವುದನ್ನೂ ಹೇಳಲಿ. ಗುರಿ ಮುಟ್ಟಿಸುವ ಭರಾಟೆಯಲ್ಲಿ ಈ ಮಾತು ಬಿಟ್ಟುಹೋಗಬಾರದು.

ನನಗೆ ರಾತ್ರಿ ನಿದ್ದೆಗೆಡಿಸುವ ವಿಷಯ ಇನ್ನೊಂದಿದೆ. ಊರಿನ ಗುಟ್ಟುಗಳೆಲ್ಲ ಈಗ ಆ ಫೋನಿನಲ್ಲಿವೆ. ಯಾರಿಗೆ ಕ್ಷಯ, ಯಾರಿಗೆ ಎಚ್‌ಐವಿ, ಯಾರ ಮನೆಯ ಹುಡುಗಿ ಮದುವೆಗೆ ಮೊದಲೇ ಬಸುರಿ, ಯಾರು ಮಗು ತೆಗೆಸಿಕೊಂಡರು. ಕಾಗದದ ರಿಜಿಸ್ಟರು ಬೀರುವಿನಲ್ಲಿರುತ್ತಿತ್ತು. ಫೋನು ಗಂಡನ ಕೈಗೆ, ಮಕ್ಕಳ ಕೈಗೆ ಹೋಗುತ್ತದೆ. ಅನೇಕ ಮನೆಗಳಲ್ಲಿ ಪಿಯುಸಿ ಓದುವ ಮಗಳೇ ರಾತ್ರಿ ಕೂತು ಅಮ್ಮನ ಎಂಟ್ರಿ ಮಾಡಿಕೊಡುತ್ತಾಳೆ. ಅದಕ್ಕಾಗಿ ಯಾರನ್ನೂ ಎಲ್ಲರೆದುರು ಗದರಬೇಡ. ಬೇರೆ ದಾರಿ ಇಲ್ಲದೆ ಹಾಗೆ ಮಾಡಿರುತ್ತಾರೆ. ಒಂದೇ ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲಿ ಚುರುಕಾದ ಒಬ್ಬರನ್ನೂ ನಿಧಾನವಾದ ಒಬ್ಬರನ್ನೂ ಜೊತೆ ಹಾಕು, ಮಗಳ ಬದಲು ಸಹೋದ್ಯೋಗಿಯೇ ನೆರವಾಗಲಿ. ಪ್ರತಿ ಫೋನಿಗೂ ಲಾಕ್ ಹಾಕಿಸಿಯೇ ಕಳಿಸು. ತಾಯಿ ಕಾರ್ಡಿನ ಫೋಟೋ, ರಕ್ತಪರೀಕ್ಷೆಯ ಚೀಟಿ, ಹೆಸರಿರುವ ಪಟ್ಟಿ ಇವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಅಭ್ಯಾಸ ನಿಲ್ಲಲೇಬೇಕು. ಒಪ್ಪಿಗೆ ಇಲ್ಲದೆ ಒಬ್ಬರ ಎಚ್‌ಐವಿ ಸ್ಥಿತಿ ಬಯಲು ಮಾಡುವುದನ್ನು 2017ರ ಕಾಯ್ದೆ ನಿಷೇಧಿಸಿದೆ. ಮೇಲಿನವರೇ ಗುಂಪಿಗೆ ಕಳಿಸಿ ಎಂದು ಕೇಳಿದಾಗ ಆಶಾ ಒಬ್ಬರೇ ಇಲ್ಲ ಎನ್ನಲಾರರು. ಅವರ ಪರವಾಗಿ ಹೇಳಬೇಕಾದವಳು ನೀನು.

ದುಡ್ಡಿನ ಪ್ರಶ್ನೆ ಮೊದಲ ದಿನವೇ ಏಳುತ್ತದೆ. ‘ಡೇಟಾ ಪ್ಯಾಕ್ ಯಾರು ಹಾಕಿಸ್ತಾರೆ?’ ‘ನಮ್ಮ ಫೋನು ಹಾಳಾದ್ರೆ?’ ‘ಬರೆದದ್ದನ್ನೇ ಮತ್ತೆ ಒತ್ತೋದಕ್ಕೆ ಏನು ಕೊಡ್ತಾರೆ?’ ಇದು ತರಬೇತಿಗೆ ಸಂಬಂಧವಿಲ್ಲದ ಮಾತು ಎಂದು ತಳ್ಳಿಹಾಕಬೇಡ. 2025ರ ಜನವರಿಯಲ್ಲಿ ಇವರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಚಳಿಯಲ್ಲಿ ಕೂತು ಧರಣಿ ಮಾಡಿದರು. ತಿಂಗಳಿಗೆ ಹದಿನೈದು ಸಾವಿರ ಗೌರವಧನ ಕೇಳಿದರು. ಮಾಡಿದ ಕೆಲಸ ಆರ್‌ಸಿಎಚ್ ಪೋರ್ಟಲ್‌ನಲ್ಲಿ ಕಾಣದಿದ್ದರೆ ಪ್ರೋತ್ಸಾಹಧನ ಕೈತಪ್ಪುತ್ತದೆ, ಆ ಜೋಡಣೆ ತೆಗೆಯಿರಿ ಎಂದೂ ಕೇಳಿದರು. ಕನಿಷ್ಠ ಹತ್ತು ಸಾವಿರದ ಭರವಸೆ ಸಿಕ್ಕ ಮೇಲೆ ಮನೆಗೆ ಹೋದರು. ಆ ನೋವು ಇಟ್ಟುಕೊಂಡೇ ನಿನ್ನ ಮುಂದೆ ಕೂತಿರುತ್ತಾರೆ. ಗೊತ್ತಿರುವುದನ್ನು ನೇರವಾಗಿ ಹೇಳು, ಉಳಿದದ್ದನ್ನು ಬರೆದುಕೊಂಡು ತಾಲ್ಲೂಕು ಆರೋಗ್ಯಾಧಿಕಾರಿಗಳ ಮೇಜಿಗೆ ಮುಟ್ಟಿಸು, ಏನಾಯಿತೆಂದು ಮುಂದಿನ ಸಭೆಯಲ್ಲಿ ಬಂದು ತಿಳಿಸು. ನಿನ್ನ ಮೇಲೆ ನಂಬಿಕೆ ಹುಟ್ಟುವುದು ಅಲ್ಲಿಂದ.

ತರಬೇತಿಯ ದಿನ ಸಹಿ ಹಾಕಿಸಿ ಫೋಟೋ ತೆಗೆದ ಮಾತ್ರಕ್ಕೆ ನಿನ್ನ ಕೆಲಸ ಮುಗಿಯದು. ಹದಿನೈದು ದಿನ ಬಿಟ್ಟು ಅವರ ಊರಿಗೆ ಹೋಗು. ಒಬ್ಬೊಬ್ಬರ ಜೊತೆ ಎರಡು ಮನೆ ನಡೆ, ಎಲ್ಲಿ ಬೆರಳು ನಿಲ್ಲುತ್ತದೆ ನೋಡು. ಆರೋಗ್ಯ ಕೇಂದ್ರದ ತಿಂಗಳ ಸಭೆಯಲ್ಲಿ ಅರ್ಧ ಗಂಟೆ ಇದಕ್ಕೇ ಬೇಕೆಂದು ವೈದ್ಯಾಧಿಕಾರಿಗಳನ್ನು ಕೇಳಿ ಪಡೆದುಕೊ. ಸಿಸ್ಟರನ್ನೂ ಸಮುದಾಯ ಆರೋಗ್ಯಾಧಿಕಾರಿ (ಸಿಎಚ್‌ಒ) ಅವರನ್ನೂ ಮೊದಲ ದಿನದಿಂದಲೇ ಜೊತೆಗೆ ಕೂರಿಸಿಕೊ, ನೀನಿಲ್ಲದಾಗ ಆಶಾಗಳು ಕೇಳುವುದು ಅವರನ್ನೇ.

ಮತ್ತೆ, ಬ್ಯಾಚು ಹದಿನೈದು ಜನಕ್ಕಿಂತ ದೊಡ್ಡದು ಬೇಡ, ಹಟ ಹಿಡಿದಾದರೂ ಅಷ್ಟಕ್ಕೆ ಒಪ್ಪಿಸು. ದೂರದ ಊರಿನವರನ್ನು ಮೊದಲ ಬ್ಯಾಚಿಗೆ ಕರೆ. ಸಂಜೆ ನಾಲ್ಕಕ್ಕೆಲ್ಲ ಬಿಟ್ಟುಬಿಡು, ಆ ಕಡೆಗೆ ಕಡೆಯ ಬಸ್ಸು ಐದಕ್ಕೆ.